ಮತ ಬೇಡುವವರ ಮೌನ

ಮೌನವನ್ನು ನಮ್ಮ ಹಿರಿಯರು ಬಹಳವಾಗಿ ಕೊಂಡಾಡಿದ್ದಾರೆ. ಆದರೆ ಅವರು ಕೊಂಡಾಡಿದ್ದು ನಾಲಗೆಯನ್ನು ಗೆದ್ದವನ ಮೌನವನ್ನು. ಉತ್ತರ ಕೊಡಬೇಕಾದ ಹೊತ್ತಿನಲ್ಲಿ ನುಣುಚಿಕೊಂಡವನ ಮೌನವನ್ನಲ್ಲ. ಸಾಲ ತಂದವನು ಸಾಹುಕಾರನ ಎದುರಿನಲ್ಲಿ ಮೌನವ್ರತ ಹಿಡಿದರೆ ಅದನ್ನು ಯಾರೂ ತಪಸ್ಸೆಂದು ಕರೆಯುವುದಿಲ್ಲ. ದೇಶವೊಂದು ಯುದ್ಧದಲ್ಲಿ ತೊಡಗಿರುವಾಗ, ಆ ಯುದ್ಧದ ಬಗೆಗೆ ತನ್ನ ನಿಲುವೇನೆಂದು ತಿಳಿಸದೆ ಜನರ ಮುಂದೆ ಕೈಯೊಡ್ಡಿ ಮತ ಬೇಡುವ ರಾಜಕೀಯ ಪಕ್ಷದ ಮೌನವೂ ಇಂತಹುದೇ. ಅದನ್ನು ಕೆಲವರು ಜಾಣತನವೆಂದೂ ಮತ್ತೆ ಕೆಲವರು ಸಂಯಮವೆಂದೂ ಹೊಗಳುವುದುಂಟು. ಅದು ಎರಡೂ ಅಲ್ಲ. ಮತದಾರನಿಗೆ ಸಲ್ಲಬೇಕಾದುದನ್ನು ಅವನಿಂದ ಬಚ್ಚಿಡುವ ವಂಚನೆ ಎಂಬುದೇ ಈ ಲೇಖನದ ವಾದ.

ವಾದವು ಬರಿಯ ಮಾತಾಗಬಾರದೆಂದು ಇತಿಹಾಸದ ಒಂದು ನಿದರ್ಶನವನ್ನು ಎದುರಿಗಿಟ್ಟುಕೊಳ್ಳೋಣ. 1968ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ಚುನಾವಣೆ ನಡೆಯಿತು. ಆಗ ವಿಯೆಟ್ನಾಂ ನೆಲದಲ್ಲಿ ಐದು ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರಿದ್ದರು. ಆ ವರ್ಷದ ಜನವರಿಯ ಕೊನೆಯಲ್ಲಿ, ವಿಯೆಟ್ನಾಮೀಯರ ಹೊಸವರ್ಷದ ಹಬ್ಬವಾದ ಟೆಟ್ ಸಂದರ್ಭದಲ್ಲಿ ನಡೆದ ವ್ಯಾಪಕವಾದ ದಾಳಿಯು, ಗೆಲುವು ಸಮೀಪದಲ್ಲಿದೆಯೆಂಬ ಅಮೆರಿಕ ಸರ್ಕಾರದ ಭರವಸೆಯನ್ನು ಹುಸಿಯಾಗಿಸಿತ್ತು. ಮಾರ್ಚ್ 31ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ತಾವು ಮತ್ತೆ ಸ್ಪರ್ಧಿಸುವುದಿಲ್ಲವೆಂದು ಸಾರಿದರು. ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಸಂಧಾನ ಆರಂಭವಾಯಿತು. ಆ ವರ್ಷ ಮತದಾರನು ಮೊದಲಿಗೆ ತಿಳಿಯಬೇಕಾಗಿದ್ದ ಸಂಗತಿ ಒಂದೇ: ಈ ಯುದ್ಧವನ್ನು ನೀವು ನಿಲ್ಲಿಸುವಿರೋ, ಮುಂದುವರಿಸುವಿರೋ?

ರಿಪಬ್ಲಿಕನ್ ಪಕ್ಷವು ಕೊಟ್ಟ ಉತ್ತರವನ್ನು ವಾಚಕರು ಗಮನಿಸಬೇಕು. ಮುಂದೆ ಅದರ ಅಭ್ಯರ್ಥಿಯಾದ ರಿಚರ್ಡ್ ನಿಕ್ಸನ್ ಮಾರ್ಚ್ ತಿಂಗಳಲ್ಲಿ, ಹೊಸ ನಾಯಕತ್ವವು ಯುದ್ಧವನ್ನು ಕೊನೆಗಾಣಿಸಿ ಶಾಂತಿಯನ್ನು ಗಳಿಸುವುದೆಂದು ಮಾತು ಕೊಟ್ಟರು. ಹೇಗೆಂಬುದನ್ನು ಹೇಳಲಿಲ್ಲ. ಅವರ ಬಳಿ ಗುಪ್ತ ಯೋಜನೆಯೊಂದಿದೆ ಎಂಬ ಮಾತು ಹಬ್ಬಿತು. ಆ ಪದಗಳು ನಿಕ್ಸನ್ನರ ಬಾಯಿಂದ ಬಂದವಲ್ಲವೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಲೇಬೇಕು. ಆದರೆ ಆ ನಂಬಿಕೆಯಿಂದ ಬಂದ ಲಾಭವನ್ನು ಅವರು ಬೇಡವೆನ್ನಲಿಲ್ಲ. ಸಂಧಾನಕ್ಕೆ ತೊಡಕಾಗಬಾರದೆಂಬ ಕಾರಣವನ್ನು ಮುಂದೊಡ್ಡಿ ವಿವರಗಳಿಗೆ ಹೋಗಲು ನಿರಾಕರಿಸಿದರು. ಆಗಸ್ಟ್ ತಿಂಗಳಲ್ಲಿ ಮಯಾಮಿ ಬೀಚ್‌ನಲ್ಲಿ ಆ ಪಕ್ಷವು ಅಂಗೀಕರಿಸಿದ ಪ್ರಣಾಳಿಕೆಯು ಯಾವ ಬೆಲೆಯನ್ನು ತೆತ್ತಾದರೂ ಪಡೆಯುವ ಶಾಂತಿಯನ್ನೂ ಒಪ್ಪಲಿಲ್ಲ, ವೇಷ ಮರೆಸಿದ ಶರಣಾಗತಿಯನ್ನೂ ಒಪ್ಪಲಿಲ್ಲ. ಮಾಡಲಾರದ್ದೇನೆಂಬುದನ್ನು ತಿಳಿಸಿದ ಆ ಪತ್ರದಲ್ಲಿ ಮಾಡುವುದೇನೆಂಬುದಕ್ಕೆ ಸ್ಪಷ್ಟವಾದ ಉತ್ತರವಿರಲಿಲ್ಲ. ಮಗನನ್ನು ರಣರಂಗಕ್ಕೆ ಕಳುಹಿಸಿ ಕಾದಿದ್ದ ತಾಯಿಯೂ, ಯುದ್ಧವನ್ನು ಇನ್ನಷ್ಟು ಉಗ್ರವಾಗಿ ನಡೆಸಬೇಕೆನ್ನುವವನೂ ಅದೇ ಕಾಗದದಲ್ಲಿ ತಂತಮ್ಮ ಆಸೆಯನ್ನು ಓದಿಕೊಳ್ಳಬಹುದಾಗಿತ್ತು.

ಆಡಳಿತದಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ನಡತೆಯೂ ಹೆಚ್ಚು ಮೇಲಾಗಿರಲಿಲ್ಲ. ಆಗಸ್ಟ್ ಕೊನೆಯಲ್ಲಿ ನಡೆದ ಷಿಕಾಗೋ ಅಧಿವೇಶನದಲ್ಲಿ, ಉತ್ತರ ವಿಯೆಟ್ನಾಮಿನ ಮೇಲಣ ಬಾಂಬ್ ದಾಳಿಯನ್ನು ಷರತ್ತಿಲ್ಲದೆ ನಿಲ್ಲಿಸಬೇಕೆಂಬ ನಿರ್ಣಯಕ್ಕೆ ಸಾವಿರಕ್ಕೂ ಮಿಕ್ಕಿದ ಮತಗಳು ಬಂದವು. ವಿರುದ್ಧವಾಗಿ ಒಂದೂವರೆ ಸಾವಿರಕ್ಕೂ ಹೆಚ್ಚು ಮತಗಳು ಬಿದ್ದು ಅದು ಸೋತಿತು. ಅಭ್ಯರ್ಥಿಯಾದ ಹ್ಯೂಬರ್ಟ್ ಹಂಫ್ರಿ ಅಂದಿನ ಉಪಾಧ್ಯಕ್ಷರು. ತಮ್ಮ ಅಧ್ಯಕ್ಷರನ್ನು ಬಿಟ್ಟುಕೊಡಲಾರದೆ, ಹಿಡಿದುಕೊಂಡು ನಡೆಯಲೂ ಆರದೆ ತೊಳಲಾಡಿದರು. ಸೆಪ್ಟೆಂಬರ್ 30ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ, ಶಾಂತಿಗಾಗಿ ಬಾಂಬ್ ದಾಳಿಯನ್ನು ನಿಲ್ಲಿಸುವ ಅಪಾಯವನ್ನು ತಾವು ಸ್ವೀಕರಿಸಬಲ್ಲೆವೆಂದು ಅವರು ನುಡಿದಾಗ ಮತದಾನಕ್ಕೆ ಐದು ವಾರಗಳಷ್ಟೇ ಉಳಿದಿದ್ದವು. ಆ ಮಾತಿನಲ್ಲಿಯೂ ಹಲವು ಬಿಗಿಗಳಿದ್ದವು.

ನವೆಂಬರ್ 5ರಂದು ನಿಕ್ಸನ್ ಗೆದ್ದರು. ಅವರಿಗೂ ಹಂಫ್ರಿಯವರಿಗೂ ನಡುವೆ ಇದ್ದ ಅಂತರ ನೂರಕ್ಕೆ ಒಂದು ಮತಕ್ಕಿಂತ ಕಡಿಮೆ. ಮುಂದೆ ನಡೆದುದೇನು? 1969ರಲ್ಲಿ ಅಮೆರಿಕನ್ ಸೈನ್ಯವನ್ನು ಹಂತಹಂತವಾಗಿ ಹಿಂದಕ್ಕೆ ಕರೆಸಿಕೊಳ್ಳುವುದು ಆರಂಭವಾಯಿತೆಂಬುದು ನಿಜ. ಆದರೆ ಅದೇ ವರ್ಷದ ಮಾರ್ಚ್‌ನಲ್ಲಿ ನೆರೆಯ ಕಾಂಬೋಡಿಯಾದ ಮೇಲೆ, ಜನರಿಗೆ ತಿಳಿಯದಂತೆ, ಬಾಂಬ್ ಸುರಿಯುವುದೂ ಆರಂಭವಾಯಿತು. 1970ರಲ್ಲಿ ಸೈನ್ಯವೇ ಆ ದೇಶವನ್ನು ಹೊಕ್ಕಿತು. ಪ್ಯಾರಿಸ್ ಒಪ್ಪಂದಕ್ಕೆ ಸಹಿ ಬಿದ್ದುದು 1973ರ ಜನವರಿ 27ರಂದು. ಆ ಯುದ್ಧದಲ್ಲಿ ಮಡಿದ 58,000ಕ್ಕೂ ಹೆಚ್ಚು ಅಮೆರಿಕನ್ನರಲ್ಲಿ 20,000ಕ್ಕೂ ಹೆಚ್ಚು ಮಂದಿ ಸತ್ತುದು ಈ ನಾಲ್ಕು ವರ್ಷಗಳಲ್ಲಿ. ಇಡೀ ಯುದ್ಧದಲ್ಲಿ ತನ್ನ ಕಡೆಯ 11 ಲಕ್ಷ ಯೋಧರೂ, ಎರಡೂ ಭಾಗಗಳ ಸುಮಾರು 20 ಲಕ್ಷ ನಾಗರಿಕರೂ ಅಳಿದರೆಂದು ವಿಯೆಟ್ನಾಂ ಸರ್ಕಾರವು 1995ರಲ್ಲಿ ಪ್ರಕಟಿಸಿತು. ಕಾಂಬೋಡಿಯಾದ ಹಳ್ಳಿಗಳ ಮೇಲೆ ಬಾಂಬ್ ಬೀಳಲಿ ಎಂದು 1968ರಲ್ಲಿ ಮತ ಹಾಕಿದವರು ಯಾರು? ಯಾರೂ ಇಲ್ಲ. ಅವರನ್ನು ಆ ಮಾತು ಯಾರೂ ಕೇಳಿಯೇ ಇರಲಿಲ್ಲ.

ಇಂತಹ ಮೌನದ ಪರವಾಗಿ ಮೂರು ಸಮರ್ಥನೆಗಳನ್ನು ಹೇಳುವುದುಂಟು. ಸಂಧಾನಕ್ಕೆ ಗುಟ್ಟು ಅಗತ್ಯವೆಂಬುದು ಮೊದಲನೆಯದು. ಯಾವ ಷರತ್ತನ್ನು ಯಾವಾಗ ಸಡಿಲಿಸಬೇಕೆಂಬುದು ಗುಟ್ಟಾಗಿರಬಹುದು; ಯುದ್ಧವು ಯಾವುದಕ್ಕಾಗಿ, ಅದಕ್ಕಾಗಿ ಇನ್ನೆಷ್ಟು ಜೀವಗಳನ್ನು ತೆರಲು ಸಿದ್ಧರಿದ್ದೀರಿ ಎಂಬುದು ಗುಟ್ಟಾಗಿರಲಾಗದು. ಅದೂ ಅಲ್ಲದೆ, ಸಂಧಾನದ ಮೇಲಣ ಗೌರವದಿಂದ ಸುಮ್ಮನಿದ್ದೇವೆಂದವರ ಸಂಗತಿಯನ್ನು ನೋಡಿರಿ. ನಿಕ್ಸನ್ನರ ಆಪ್ತರಾದ ಹಾಲ್ಡ್‌ಮನ್ 1968ರ ಅಕ್ಟೋಬರ್‌ನಲ್ಲಿ ಬರೆದುಕೊಂಡ ಟಿಪ್ಪಣಿಗಳು ಸುಮಾರು ಅರ್ಧ ಶತಮಾನದ ನಂತರ ಬೆಳಕಿಗೆ ಬಂದವು. ಆನಾ ಷೆನಾಲ್ಟ್ ಎಂಬವರ ಮೂಲಕ ದಕ್ಷಿಣ ವಿಯೆಟ್ನಾಂ ಸರ್ಕಾರದೊಡನೆ ವ್ಯವಹರಿಸುತ್ತಿರಬೇಕೆಂಬ ಸೂಚನೆಯೂ, ಜಾನ್ಸನ್ನರ ಶಾಂತಿಯತ್ನಕ್ಕೆ ಅಡ್ಡಗಾಲು ಹಾಕಲು ಬೇರೆ ದಾರಿಯುಂಟೇ ಎಂಬ ವಿಚಾರಣೆಯೂ ಅವುಗಳಲ್ಲಿವೆ. ಇದರಿಂದ ಸಂಧಾನಕ್ಕೆ ಎಷ್ಟು ಹಾನಿಯಾಯಿತೆಂಬುದರಲ್ಲಿ ಇತಿಹಾಸಕಾರರಿಗೆ ಭಿನ್ನಾಭಿಪ್ರಾಯವುಂಟು. ವೇದಿಕೆಯ ಮೇಲಿನ ಮೌನಕ್ಕೂ ತೆರೆಮರೆಯ ಮಾತಿಗೂ ಇದ್ದ ಅಂತರವಂತೂ ಸ್ಪಷ್ಟವಾಗಿದೆ.

ಎರಡನೆಯ ಸಮರ್ಥನೆ, ಸತ್ಯಕ್ಕೆ ಹಲವು ಮುಖಗಳಿರುವುದರಿಂದ ಒಂದೇ ನಿಲುವಿಗೆ ಅಂಟಿಕೊಳ್ಳಬಾರದೆಂಬುದು. ನಮ್ಮವರಲ್ಲಿ ಕೆಲವರು ಇದನ್ನೇ ಅನೇಕಾಂತವೆಂದು ತಿಳಿದು ಸಮಾಧಾನಪಡಬಹುದು. ಇದು ಸ್ಯಾದ್ವಾದಕ್ಕೆ ಮಾಡುವ ಅಪಚಾರ. 'ಸ್ಯಾತ್' ಎಂಬುದು ಅನುಮಾನದ ತೊದಲು ನುಡಿಯಲ್ಲ. 'ಒಂದು ಅಪೇಕ್ಷೆಯಿಂದ ನೋಡಿದಾಗ' ಎಂದು ಅದರ ಅರ್ಥ. ಹಾಗೆ ನುಡಿಯುವವನು ತಾನು ಎಲ್ಲಿ ನಿಂತು ನೋಡುತ್ತಿದ್ದೇನೆಂಬುದನ್ನು ತೆರೆದು ತೋರುತ್ತಾನೆ. ಮತ ಬೇಡುವ ಪಕ್ಷವು ಮೊದಲು ಮರೆಮಾಚುವುದು ಅದನ್ನೇ.

ಸ್ಪಷ್ಟವಾಗಿ ನುಡಿದರೆ ಸೋಲು ಖಚಿತವೆಂಬುದು ಮೂರನೆಯದು. ಇದರಲ್ಲಿ ತಥ್ಯವಿಲ್ಲವೆನ್ನಲಾರೆ. 1972ರಲ್ಲಿ ಜಾರ್ಜ್ ಮೆಕ್‌ಗವರ್ನ್ ಯುದ್ಧವನ್ನು ನಿಲ್ಲಿಸುವೆನೆಂದು ನೇರವಾಗಿ ಹೇಳಿ ಐವತ್ತು ರಾಜ್ಯಗಳ ಪೈಕಿ ನಲವತ್ತೊಂಬತ್ತರಲ್ಲಿ ಸೋತರು. 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ಚರ್ಚೊಂದರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಈ ಯುದ್ಧವನ್ನು ಖಂಡಿಸಿದಾಗ ದೊಡ್ಡ ಪತ್ರಿಕೆಗಳು ಅವರ ಮೇಲೆ ಮುಗಿಬಿದ್ದವು. ಜೊತೆಗಾರರಲ್ಲಿಯೇ ಹಲವರು ಮುನಿದರು. ಹೌದು, ಸ್ಪಷ್ಟತೆಗೆ ಬೆಲೆಯುಂಟು. ಆದರೆ ಆ ಬೆಲೆಯನ್ನು ನುಡಿದವರೇ ತೆತ್ತರು. ಮೆಕ್‌ಗವರ್ನರನ್ನು ತಿರಸ್ಕರಿಸಿದ ಮತದಾರನಿಗೆ ತಾನು ಏನನ್ನು ತಿರಸ್ಕರಿಸುತ್ತಿದ್ದೇನೆಂಬುದು ತಿಳಿದಿತ್ತು. ಮೌನದ ಬೆಲೆಯನ್ನು ತೆರುವವರು ಬೇರೆ. ಅವರಲ್ಲಿ ಸೇನೆಗೆ ಕಡ್ಡಾಯವಾಗಿ ಸೇರಿದ ಹತ್ತೊಂಬತ್ತರ ಹುಡುಗನಿದ್ದಾನೆ. ಆ ಚುನಾವಣೆಯಲ್ಲಿ ಮತವೇ ಇಲ್ಲದ ದೂರದ ಹಳ್ಳಿಯ ರೈತನಿದ್ದಾನೆ.

ತಪ್ಪು ಪಕ್ಷಗಳದು ಮಾತ್ರವೇ ಎಂದರೆ ಅದೂ ಆತ್ಮವಂಚನೆಯಾದೀತು. ಅಸ್ಪಷ್ಟತೆ ಕೇಳುವವನಿಗೂ ಹಿತವಾಗಿರುತ್ತದೆ. ಯುದ್ಧ ನಿಲ್ಲಬೇಕು, ಸೋತೆವೆನಿಸಬಾರದು, ತೆರಿಗೆ ಏರಬಾರದು, ನಮ್ಮ ಮನೆಯ ಹುಡುಗ ಹೋಗಬಾರದು ಎಂಬ ಆಸೆಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡವನಿಗೆ, ಏನನ್ನೂ ಹೇಳದ ನಾಯಕನೇ ಪ್ರಿಯನಾಗುತ್ತಾನೆ. ಸಂತೆಯಲ್ಲಿ ಮೂಟೆಯ ಬಾಯಿ ಬಿಚ್ಚಿಸಿ, ಕಾಳನ್ನು ಅಂಗೈಯಲ್ಲಿ ಉಜ್ಜಿ ನೋಡದೆ ಹಣ ಎಣಿಸದ ನಾವು, ಮತವನ್ನು ಮಾತ್ರ ಕಣ್ಣು ಮುಚ್ಚಿ ಕೊಡುತ್ತೇವೆ.

ಆದುದರಿಂದ ಯಾವ ದೇಶದಲ್ಲೇ ಆಗಲಿ, ಯುದ್ಧಕಾಲದಲ್ಲಿ ಮತ ಕೇಳಲು ಬಂದವರನ್ನು ಬಾಗಿಲಲ್ಲಿಯೇ ನಿಲ್ಲಿಸಿ ಕೇಳಬೇಕಾದ ಪ್ರಶ್ನೆಗಳಿವೆ. ಈ ಯುದ್ಧದ ಗುರಿ ಏನು? ಏನಾದರೆ ನೀವು ಇದನ್ನು ನಿಲ್ಲಿಸುವಿರಿ? ಹಾಗೆ ಆಗದಿದ್ದರೆ ಏನು ಮಾಡುವಿರಿ? ನೆರೆಯ ನೆಲಕ್ಕೆ ಇದನ್ನು ಹಬ್ಬಿಸುವುದಿಲ್ಲವೆಂದು ಈಗಲೇ ಮಾತು ಕೊಡುವಿರಾ? ಉತ್ತರ ನಮಗೆ ಒಪ್ಪಿಗೆಯಾಗದಿದ್ದರೂ ಚಿಂತೆಯಿಲ್ಲ. ಒಪ್ಪದೆ ಇರುವ ಸ್ವಾತಂತ್ರ್ಯವಾದರೂ ನಮ್ಮಲ್ಲಿ ಉಳಿದೀತು. ಉತ್ತರವನ್ನೇ ಕೊಡದೆ ನಸುನಕ್ಕು ಮುಂದಿನ ಮನೆಗೆ ನಡೆಯುವವನಿಗೆ ಮತ ಕೊಟ್ಟವನು, ಮುಂದೆ ಸುರಿಯುವ ನೆತ್ತರಿಗೆ ತಾನು ಹೊಣೆಯಲ್ಲವೆಂದು ಹೇಳಿಕೊಳ್ಳುವಂತಿಲ್ಲ.