ಪೋರ್ಷನ್ ಮುಗಿಯಿತು, ಮಗು ಎಲ್ಲಿಗೆ ಬಂತು?

ಡಿ.ಇಡಿ., ಬಿ.ಇಡಿ. ಓದುವವರಿಗೆ ಶಿಕ್ಷಣದ ತತ್ತ್ವಶಾಸ್ತ್ರವೂ ಒಂದು ವಿಷಯ. ರೂಸೋ, ಡ್ಯೂಯಿ, ಗಾಂಧೀಜಿ, ಟ್ಯಾಗೋರ್ ಎಲ್ಲರೂ ಅಲ್ಲಿ ಬಂದುಹೋಗುತ್ತಾರೆ. ಶಿಕ್ಷಣಕ್ಕೆ ಮಗುವೇ ಕೇಂದ್ರ ಎಂದು ಎಲ್ಲರೂ ಬರೆಯುತ್ತಾರೆ, ಎಲ್ಲರಿಗೂ ಅಂಕ ಸಿಗುತ್ತದೆ. ನೌಕರಿ ಸಿಕ್ಕ ಮೇಲೆ ಶಾಲೆಗೆ ಭೇಟಿ ಕೊಡುವವರು ಕೇಳುವುದು ಮಾತ್ರ ಬೇರೆ: ‘ಪೋರ್ಷನ್ ಎಲ್ಲೀತನಕ ಬಂತ್ರಿ?’ ಈ ಪ್ರಶ್ನೆಗೆ ಪಾಠದ ಸಂಖ್ಯೆ ಹೇಳಿದರೆ ಸಾಕು, ಯಾವ ಮಗುವಿನ ಹೆಸರೂ ಬೇಕಾಗುವುದಿಲ್ಲ. ಶಿಕ್ಷಕರ ನಿಜವಾದ ಶಿಕ್ಷಣ ದರ್ಶನ ಗೊತ್ತಾಗುವುದು ಈ ಜಾಗದಲ್ಲಿಯೇ ಎಂಬುದು ನನ್ನ ನಂಬಿಕೆ. ಮುಂದಿನ ಪಾಠಕ್ಕೆ ಯಾವಾಗ ಹೋಗಬೇಕೆಂದು ತೀರ್ಮಾನಿಸುವವರು ಯಾರು, ಪುಸ್ತಕವೋ ಮಗುವೋ? ಮೂರನೆಯ ತರಗತಿ ಮುಗಿಯುವವರೆಗಾದರೂ ಆ ತೀರ್ಮಾನ ಮಗುವಿನದಾಗಿರಬೇಕು. ಹಿಂದಿನ ಸಾಲಿನ ಹುಡುಗಿಗೆ ಓದಲು ಬರುವ ಮೊದಲೇ ಪುಸ್ತಕ ಮುಗಿದಿದ್ದರೆ ಆ ವರ್ಷ ಅವಳ ಪಾಲಿಗೆ ಪಾಠವೇ ನಡೆದಿಲ್ಲ.

ಕಾನೂನನ್ನೇ ನೋಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಕಲಮು ಶಿಕ್ಷಕರ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ಗೊತ್ತುಪಡಿಸಿದ ಅವಧಿಯೊಳಗೆ ಇಡೀ ಪಠ್ಯಕ್ರಮ ಮುಗಿಸಬೇಕು ಎಂದು ಒಂದು ಉಪಕಲಮು ಹೇಳುತ್ತದೆ. ಅದರ ಬೆನ್ನಿಗೇ ಇರುವ ಇನ್ನೊಂದು ಉಪಕಲಮು, ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯ ನೋಡಿಕೊಂಡು ಬೇಕಾದ ಹೆಚ್ಚಿನ ಬೋಧನೆ ಒದಗಿಸಬೇಕು ಎನ್ನುತ್ತದೆ. ಎರಡೂ ಸಮಾನ ಕರ್ತವ್ಯಗಳೇ. ಆದರೆ ಮೊದಲನೆಯದನ್ನು ಪರೀಕ್ಷಿಸಲು ಪಾಠಯೋಜನೆಯ ವಹಿ ತೆರೆದರೆ ಸಾಕು. ಎರಡನೆಯದನ್ನು ಪರೀಕ್ಷಿಸಬೇಕಾದರೆ ಮಗುವಿನ ಪಕ್ಕ ಕುಳಿತು ಅದು ಓದುವುದನ್ನು ಕೇಳಬೇಕು. 2010ರ ಏಪ್ರಿಲ್ 1ರಂದು ಕಾಯ್ದೆ ಜಾರಿಗೆ ಬಂದಾಗಿನಿಂದ ನಮ್ಮ ಆಡಳಿತ ಸುಲಭದ ದಾರಿಯನ್ನೇ ಹಿಡಿದಿದೆ. ಇದರ ಫಲ ಹಳ್ಳಿಯ ಮಕ್ಕಳ ಓದು, ಲೆಕ್ಕಗಳನ್ನು ಪರೀಕ್ಷಿಸುವ ‘ಅಸರ್’ ಸಮೀಕ್ಷೆಯಲ್ಲಿ ಕಾಣುತ್ತದೆ. ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಠ್ಯ ಓದಬಲ್ಲವರು 2018ರಲ್ಲಿ ಶೇ 50.5ರಷ್ಟಿದ್ದರು. ಕೋವಿಡ್ ನಂತರ, 2022ರಲ್ಲಿ, ಅದು ಶೇ 42.8ಕ್ಕೆ ಇಳಿಯಿತು. 2024ರಲ್ಲಿ ಶೇ 48.8ಕ್ಕೆ ಏರಿದೆ. ಏರಿದ್ದಕ್ಕೆ ಸಂತೋಷಪಡೋಣ, ಆದರೆ ಕೋವಿಡ್‌ಗೆ ಮೊದಲೂ ಅರ್ಧದಷ್ಟು ಮಕ್ಕಳು ಓದಲಾರದವರಾಗಿಯೇ ಐದನೆಯ ತರಗತಿ ತಲುಪಿದ್ದರು ಎಂಬುದನ್ನು ಮರೆಯುವಂತಿಲ್ಲ. ಅವರೆಲ್ಲರ ಪೋರ್ಷನ್ ಮುಗಿದಿತ್ತು.

ಧಾರವಾಡ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದ ಸುತ್ತಿನ ಸೀಮೆಯಲ್ಲಿ ನಿಂತು ನೋಡಿದರೆ ಪುಸ್ತಕದ ವೇಗ ಎಷ್ಟು ಅವಾಸ್ತವ ಎಂಬುದು ತಿಳಿಯುತ್ತದೆ. ಒಂದರಿಂದ ಐದರವರೆಗೆ ಅರವತ್ತು ಮಕ್ಕಳಿರುವ ಶಾಲೆಗೆ ಕಾಯ್ದೆಯ ಅನುಸೂಚಿ ಕೊಡುವುದು ಇಬ್ಬರು ಶಿಕ್ಷಕರನ್ನು. ವರ್ಷಕ್ಕೆ 200 ದಿನ, 800 ಗಂಟೆ, ಅಂದರೆ ದಿನಕ್ಕೆ ನಾಲ್ಕು ಗಂಟೆ ಬೋಧನೆ ನಡೆಯಬೇಕು. ಇಬ್ಬರ ಎಂಟು ಗಂಟೆಯನ್ನು ಐದು ತರಗತಿಗಳಿಗೆ ಹಂಚಿದರೆ ಒಂದೊಂದಕ್ಕೆ ಸಿಗುವುದು ಒಂದೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು. ಮೇಲಾಗಿ ಈ ತಾಲ್ಲೂಕಿನಲ್ಲಿ ಮಕ್ಕಳು ಶಾಲೆಗೆ ತರುವ ಮಾತು ಒಂದೇ ಬಗೆಯದಲ್ಲ. ಎಮ್ಮೆ ಸಾಕುವ ಗೌಳಿಗರ ದಡ್ಡಿಯಲ್ಲಿ ಮರಾಠಿ ಬೆರೆತ ಮಾತು, ಸಿದ್ದಿಯರ ಮನೆಯಲ್ಲಿ ಕೊಂಕಣಿಯ ಒಂದು ಬಗೆ, ತಾಂಡಾದಲ್ಲಿ ಲಂಬಾಣಿ. ಕನ್ನಡದ ಮನೆಯ ಮಗುವೂ ‘ನಮ್ಮಪ್ಪ ಹೊಲಕ್ಕ ಹೋಗ್ಯಾನ’ ಎನ್ನುತ್ತದೆಯೇ ವಿನಾ ಪುಸ್ತಕದ ‘ಹೋಗಿದ್ದಾನೆ’ ಅದರ ಬಾಯಿಗೆ ಬರುವುದಿಲ್ಲ. ಆ ಉತ್ತರವನ್ನು ಸರಿ ಎಂದು ಒಪ್ಪಿ, ಆಮೇಲೆ ಬರವಣಿಗೆಯ ರೂಪ ತೋರಿಸುವುದಕ್ಕೆ ಹೊತ್ತು ಬೇಕು. ಸೋಯಾಬೀನ್ ಕಟಾವು, ಗೋವಿನಜೋಳದ ಸುಗ್ಗಿ ಬಂದರೆ ತಮ್ಮ ತಂಗಿಯರನ್ನು ನೋಡಿಕೊಳ್ಳಲು ದೊಡ್ಡ ಮಕ್ಕಳು ಮನೆಯಲ್ಲಿ ಉಳಿಯುತ್ತಾರೆ. ಹತ್ತು ದಿನ ಬಿಟ್ಟು ಬಂದಾಗ ಪಾಠ ಮುಂದೆ ಹೋಗಿರುತ್ತದೆ. ಧಾರವಾಡ ಮುಂಬಯಿ ಪ್ರಾಂತದಲ್ಲಿದ್ದ ಹತ್ತೊಂಬತ್ತನೆಯ ಶತಮಾನದಲ್ಲಿ, ಕನ್ನಡದ ಮಕ್ಕಳು ಮರಾಠಿ ಶಾಲೆಯಲ್ಲಿ ಕೂರಬೇಕಾಗಿದ್ದ ಕಾಲದಲ್ಲಿ, ಡೆಪ್ಯೂಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. ಮಗುವಿಗೆ ತಿಳಿಯುವ ಮಾತಿನಲ್ಲಿ ಕಲಿಸಬೇಕೆಂದು ಅಂದು ನಮ್ಮ ಪರವಾಗಿ ನಡೆದ ವಾದ ಇಂದು ಗೌಳಿ ದಡ್ಡಿಯ ಮಗುವಿಗೂ ಸಲ್ಲುತ್ತದೆ. ಆ ಮಗುವಿಗೆ ಕನ್ನಡ ಬೇಕೇ ಬೇಕು. ಆದರೆ ಕನ್ನಡದ ಹೊಸ್ತಿಲು ದಾಟಲು ಮೊದಲ ವರ್ಷ ಅದಕ್ಕೆ ಹೆಚ್ಚು ಸಮಯ ಕೊಡದಿದ್ದರೆ, ಅಂದು ಬೇರೆಯವರು ನಮಗೆ ಮಾಡಿದ್ದನ್ನು ನಾವು ಅದಕ್ಕೆ ಮಾಡಿದಂತಾಗುತ್ತದೆ.

ಮಗುವಿನ ವೇಗಕ್ಕೆ ಶಾಲೆ ಹೊಂದಿಕೊಳ್ಳಬೇಕು ಎಂಬ ವಿಚಾರ ಕರ್ನಾಟಕಕ್ಕೆ ಹೊಸದಲ್ಲ. ಈ ವಿಚಾರದ ಮೇಲೆಯೇ ನಿಂತ, ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ ಶುರುವಾಯಿತು. ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಿಕ್ಷಕರೇ ಕುಳಿತು ಅದರ ಕಾರ್ಡುಗಳನ್ನು ರೂಪಿಸಿದರು. ನಮ್ಮ ಶಿಕ್ಷಣದ ಇತಿಹಾಸದಲ್ಲಿ ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ ಇದು. 2009-10ರ ಹೊತ್ತಿಗೆ ಪದ್ಧತಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಇಲ್ಲಿ ಅಕ್ಷರ ಕಲಿಕೆ ಅ, ಆ, ಇ, ಈ ಎಂದು ಆರಂಭವಾಗುವುದಿಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳು ಮೊದಲು ಬರುತ್ತವೆ. ಇವೈದೇ ಗೊತ್ತಿದ್ದರೂ ಮಗು ಸರ, ಅರಸ, ಅಗಸ, ಗರಗಸ ಎಂದು ಓದಬಲ್ಲದು. ಐವತ್ತು ಅಕ್ಷರ ಮುಗಿಸಿ ಆಮೇಲೆ ಪದಕ್ಕೆ ಬರುವ ಹಳೆಯ ಕ್ರಮದಲ್ಲಿ ಓದಿನ ಸುಖಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಇಲ್ಲಿ ಆ ಸುಖ ಮೊದಲ ವಾರಗಳಲ್ಲೇ ಸಿಗುತ್ತದೆ. ಕಲಿಕಾ ಏಣಿಯ ಮೇಲೆ ಪ್ರತಿ ಮಗುವಿನ ಜಾಗ ಪ್ರಗತಿ ನೋಟದಲ್ಲಿ ಗುರುತಾಗಿರುವುದರಿಂದ, ಸುಗ್ಗಿ ಮುಗಿಸಿ ಬಂದ ಹುಡುಗಿ ಬಿಟ್ಟ ಕಾರ್ಡಿನಿಂದಲೇ ಮತ್ತೆ ಹಿಡಿಯಬಹುದು. ಕೆಲವು ಮಕ್ಕಳು ಶಿಕ್ಷಕರೊಂದಿಗೆ, ಕೆಲವರು ಗೆಳೆಯರೊಂದಿಗೆ, ಕೆಲವರು ತಾವಾಗಿಯೇ ಕಲಿಯುವಂತೆ ಗುಂಪುಗಳಿರುವುದರಿಂದ ಶಿಕ್ಷಕರಿಗೆ ಹಿಂದುಳಿದವರ ಬಳಿ ಕೂರಲು ಬಿಡುವು ಸಿಗುತ್ತದೆ.

ನಲಿ-ಕಲಿ ಬಂದು ಇಷ್ಟು ವರ್ಷವಾದರೂ ಓದಲು ಬಾರದ ಮಕ್ಕಳು ಇದ್ದೇ ಇದ್ದಾರಲ್ಲ ಎಂಬ ಆಕ್ಷೇಪವಿದೆ. ಇದು ಗಟ್ಟಿಯಾದ ಆಕ್ಷೇಪ. ಕಾರ್ಡು ಹರಿದರೂ ಹೊಸದು ಬಾರದಿದ್ದರೆ, ಮಗುವಿಗೆ ಬಂತೋ ಇಲ್ಲವೋ ನೋಡದೆ ಪ್ರಗತಿ ನೋಟದಲ್ಲಿ ಗುರುತು ಹಾಕುತ್ತಾ ಹೋದರೆ ಏಣಿಯೂ ಇನ್ನೊಂದು ಪೋರ್ಷನ್ ಆಗಿಬಿಡುತ್ತದೆ. ಪದ್ಧತಿ ಬದಲಾಗಿ ನಂಬಿಕೆ ಹಾಗೆಯೇ ಉಳಿದರೆ ಆಗುವುದು ಹೀಗೆಯೇ. ಇದಕ್ಕೆ ಒಳ್ಳೆಯ ಪುರಾವೆ ಬೇರೆ ರಾಜ್ಯಗಳಿಂದ ಸಿಗುತ್ತದೆ. ಪ್ರಥಮ್ ಸಂಸ್ಥೆ ಮುಂಬೈ ಮತ್ತು ವಡೋದರಾದಲ್ಲಿ ಹಿಂದುಳಿದ ಮಕ್ಕಳಿಗೆ ‘ಬಾಲಸಖಿ’ ಎನಿಸಿಕೊಂಡ ಸ್ಥಳೀಯ ಯುವತಿಯರಿಂದ ಪ್ರತ್ಯೇಕ ಪಾಠ ಹೇಳಿಸಿತು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಅದನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಅತಿ ಹಿಂದಿದ್ದ ಮಕ್ಕಳಿಗೇ ಹೆಚ್ಚು ಲಾಭವಾಗಿತ್ತು. ಮುಂದೆ ಬಿಹಾರದಲ್ಲಿ ಇದೇ ಬಗೆಯ ಬೋಧನೆಗಾಗಿ ಸರ್ಕಾರಿ ಶಿಕ್ಷಕರಿಗೆ ತರಬೇತಿ, ಸಾಮಗ್ರಿ ಕೊಟ್ಟು ಬಿಟ್ಟಾಗ ಶಾಲಾ ದಿನಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯಾಗಲಿಲ್ಲ. ಹರಿಯಾಣದಲ್ಲಿ ದಿನಕ್ಕೆ ಒಂದು ಗಂಟೆ ಅದಕ್ಕೇ ಮೀಸಲಿಟ್ಟು, ಮಕ್ಕಳನ್ನು ಮಟ್ಟಕ್ಕೆ ತಕ್ಕಂತೆ ಕೂರಿಸಿ, ಮೇಲ್ವಿಚಾರಕರೂ ಅದನ್ನೇ ಗಮನಿಸುವಂತೆ ಮಾಡಿದಾಗ ಅಂಥ ಸರ್ಕಾರಿ ಶಿಕ್ಷಕರ ಕೈಯಲ್ಲೇ ಓದು ಸುಧಾರಿಸಿತು. ಮೇಲಿನವರ ಪ್ರಶ್ನೆ ಬದಲಾದರೆ ಕೆಳಗಿನವರ ಕೆಲಸವೂ ಬದಲಾಗುತ್ತದೆ.

ಜಾಣ ಮಕ್ಕಳಿಗೆ ಅನ್ಯಾಯವಾಗುತ್ತದೆ ಎನ್ನುವವರು ಒಂದು ಗಂಟೆಯ ಲೆಕ್ಕವನ್ನು ಇಡೀ ದಿನಕ್ಕೆ ಹಚ್ಚುತ್ತಿದ್ದಾರೆ. ಮಟ್ಟಕ್ಕೆ ತಕ್ಕ ಗುಂಪಿನಲ್ಲಿ ಮುಂದಿರುವ ಮಗುವೂ ಕಾಯದೆ ಮುಂದೆ ಹೋಗುತ್ತದೆ. ಇನ್ನು ಕೆಲವರ ಪ್ರಕಾರ ಪರೀಕ್ಷೆಯ ಭಯ ಇಲ್ಲದ್ದರಿಂದಲೇ ಮಕ್ಕಳು ಕಲಿಯುತ್ತಿಲ್ಲ. ರಾಜ್ಯದಲ್ಲಿ 5, 8, 9ನೆಯ ತರಗತಿಗಳಿಗೆ ಬೋರ್ಡ್ ಮಟ್ಟದ ಪರೀಕ್ಷೆ ತರುವ ಜಗಳ 2024ರಲ್ಲಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಪರೀಕ್ಷೆ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಅದೇ ವರ್ಷದ ಎಸ್ಸೆಸ್ಸೆಲ್ಸಿ ಏನು ತೋರಿಸಿತು? 2023ರಲ್ಲಿ ಶೇ 83.89 ಇದ್ದ ಫಲಿತಾಂಶ, ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದ 2024ರಲ್ಲಿ ಕೃಪಾಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ಪರೀಕ್ಷೆಯ ಭಯ ಹತ್ತನೆಯ ತರಗತಿಯಲ್ಲಿ ಯಾವಾಗಲೂ ಇತ್ತು. ಎರಡನೆಯ ತರಗತಿಯಲ್ಲಿ ಒತ್ತಕ್ಷರದ ಬಳಿ ನಿಂತುಹೋದ ಹುಡುಗನಿಗೆ ಆ ಭಯ ಓದು ಕಲಿಸಲಿಲ್ಲ. ಇಂಗ್ಲಿಷ್ ಮಾಧ್ಯಮ ಕೊಡಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಪಾಲಕರ ಆಸೆಯನ್ನೂ ನಾನು ಹಗುರವಾಗಿ ನೋಡುವುದಿಲ್ಲ. ಇಂಗ್ಲಿಷ್ ಕೇಳುವ ಹಕ್ಕು ಅವರಿಗಿದೆ. ಒಂದು ಭಾಷೆಯಲ್ಲಿ ಸರಾಗವಾಗಿ ಓದಲು ಬಂದ ಮಗುವಿಗೆ ಇನ್ನೊಂದು ಭಾಷೆಯ ಓದು ಸುಲಭ ಎಂಬುದಷ್ಟೇ ಅವರಿಗೆ ನನ್ನ ಉತ್ತರ.

ಶಿಕ್ಷಕರ ಹೊರೆಯ ಮಾತು ಉಳಿಯಿತು. ಅದನ್ನು ಪೂರ್ತಿ ಒಪ್ಪುತ್ತೇನೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶೈಕ್ಷಣಿಕವಲ್ಲದ ಕೆಲಸ ಕೊಡಬಾರದು ಎಂದು ಕಾಯ್ದೆಯ 27ನೆಯ ಕಲಮು ಹೇಳಿದ್ದರೂ, ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವ ಕೆಲಸ ಇಬ್ಬರೇ ಇರುವ ಶಾಲೆಯಲ್ಲಿ ಒಬ್ಬರನ್ನು ತಿಂದುಹಾಕುತ್ತವೆ. ಹಾಗಾಗಿಯೇ ನಾನು ಕೇಳುವುದು ಹೆಚ್ಚಿನ ಕೆಲಸವನ್ನಲ್ಲ, ಇರುವ ಕೆಲಸದಲ್ಲಿ ಅದಲುಬದಲನ್ನು. ಮೂರನೆಯ ತರಗತಿಯವರೆಗೆ ಪೋರ್ಷನ್ ವರದಿಯನ್ನು ಕೈಬಿಡಲಿ. ಭೇಟಿಗೆ ಬರುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಮೂವರು ಮಕ್ಕಳನ್ನು, ಅದರಲ್ಲೂ ಹಿಂದಿರುವವರನ್ನು, ಪಕ್ಕಕ್ಕೆ ಕರೆದು ಓದಿಸಲಿ, ಎಲ್ಲಿ ತಡವರಿಸಿದರು ಎಂಬುದನ್ನು ಬರೆದಿಡಲಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕಟ್ಟಡ, ಕಾಂಪೌಂಡುಗಳ ಮಾತಿಗೆ ಮೊದಲು ಮಕ್ಕಳು ಒಂದು ಪುಟ ಗಟ್ಟಿಯಾಗಿ ಓದಲಿ, ಜೂನ್‌ನಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಇನ್ನೊಮ್ಮೆ. ಆ ಸಭೆಗೆ ದಡ್ಡಿಯ, ತಾಂಡಾದ ತಾಯಂದಿರನ್ನೂ ಕರೆಯಬೇಕು, ಎಮ್ಮೆ ಹಿಂಡುವ ಹೊತ್ತು ತಪ್ಪಿಸಿ ಸಮಯ ಗೊತ್ತುಮಾಡಬೇಕು.