ನಮ್ಮವರೇ ಆದರೂ ಕರಾರು ಇರಲಿ

ಬ್ರಿಸ್ಬೇನ್ ನಗರದ ನೈಋತ್ಯಕ್ಕಿರುವ ಫಾರೆಸ್ಟ್ ಲೇಕ್ ಬಡಾವಣೆ ಹಳೆಯ ಊರೇನಲ್ಲ. 1990ರ ದಶಕದಲ್ಲಿ ಯೋಜನಾಬದ್ಧವಾಗಿ ರೂಪುಗೊಂಡ ಊರು. ಅದರ ಹೆಸರಿಗೆ ಕಾರಣವಾದ ಕೆರೆಯೂ ಮನುಷ್ಯರು ತೋಡಿದ್ದೇ. ಅಂದು ಕಟ್ಟಿದ ಒಂದಂತಸ್ತಿನ ಮನೆಗಳಿಗೆ ಈಗ ಮೂವತ್ತರ ಆಸುಪಾಸು. ಅವುಗಳ ಬಚ್ಚಲುಮನೆಗಳು ದುರಸ್ತಿ ಬೇಡುತ್ತಿರುವ ಹೊತ್ತಿಗೇ ಅವುಗಳಲ್ಲಿ ವಾಸಿಸುವ ಕನ್ನಡಿಗರ ತಂದೆತಾಯಿಯರು ಊರಿನಲ್ಲಿ ಎಪ್ಪತ್ತೈದು ದಾಟಿದ್ದಾರೆ. ಆದ್ದರಿಂದ ಇಲ್ಲಿ ಮನೆಯ ನವೀಕರಣವೆಂದರೆ ಬಹುಮಟ್ಟಿಗೆ ಅಲಂಕಾರದ ಮಾತಲ್ಲ. "ಅಮ್ಮ ಬರುವುದರೊಳಗೆ ಬಚ್ಚಲು ಸರಿಯಾಗಬೇಕು" ಎಂಬ ಮಾತು.

ವೈದ್ಯನಾಗಿ ಈ ಆತುರವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಸ್ನಾನದ ತೊಟ್ಟಿಯ ಅಂಚನ್ನು ದಾಟಲು ಕಾಲೆತ್ತುವ ಆ ಒಂದು ಕ್ಷಣದಲ್ಲಿ ವೃದ್ಧರ ಸೊಂಟದ ಕೀಲು ಮುರಿದರೆ, ಅನೇಕರು ಮೊದಲಿನಂತೆ ನಡೆಯುವುದೇ ಇಲ್ಲ. ಹೊಸ್ತಿಲಿಲ್ಲದ ಸ್ನಾನದ ಜಾಗ, ಜಾರದ ನೆಲ, ಗೋಡೆಗೆ ಭದ್ರವಾದ ಹಿಡಿಕೆ ಇವು ಔಷಧದಷ್ಟೇ ಮುಖ್ಯ. ಆದರೆ ಮೂವತ್ತು ಸಾವಿರ ಡಾಲರಿನ ಅಂದಾಜಿನಲ್ಲಿ ಆರಂಭವಾದ ಕೆಲಸ ನಲವತ್ತೈದಕ್ಕೆ ಮುಟ್ಟಿ, ಕೊನೆಗೆ ಅಮ್ಮನ ಪ್ರಯಾಣವೇ ಮುಂದಿನ ವರ್ಷಕ್ಕೆ ಹೋದದ್ದನ್ನೂ ಬಲ್ಲೆ. ಆ ಕುಟುಂಬಕ್ಕೆ ಯಾರೂ ಮೋಸ ಮಾಡಿರಲಿಲ್ಲ. ಕೆಲಸದ ವಿವರ ಕಾಗದದ ಮೇಲೆ ಇರಲಿಲ್ಲ, ಅಷ್ಟೇ.

ನಮ್ಮ ಊರುಗಳಲ್ಲಿ ಮೇಸ್ತ್ರಿಯೊಡನೆ ವ್ಯವಹಾರ ನಡೆಯುವ ರೀತಿ ಬೇರೆ. ಚದರಕ್ಕೆ ಇಷ್ಟೆಂದು ಮಾತಾಗುತ್ತದೆ, ಶನಿವಾರ ಬಟವಾಡೆಯಾಗುತ್ತದೆ. "ಆ ಗೂಡು ಸ್ವಲ್ಪ ಮೇಲಿರಲಿ, ಈ ನಲ್ಲಿ ಆಚೆ ಹೋಗಲಿ" ಎಂದು ಮನೆಯೊಡತಿ ನಿಂತಲ್ಲೇ ಹೇಳಿದರೆ ಕೆಲಸ ಬದಲಾಗುತ್ತದೆ. ಇಟ್ಟಿಗೆಯ ಗೋಡೆಗೆ ಯಾವಾಗ ಬೇಕಾದರೂ ರಂಧ್ರ ಕೊರೆಯಬಹುದು. ಕೂಲಿಯೂ ಕುಟುಂಬದ ಅಳವಿನಲ್ಲಿರುತ್ತದೆ. ಆಸ್ಟ್ರೇಲಿಯಾದಲ್ಲಿ ಕೂಲಿಯೇ ದುಬಾರಿ. ಇಲ್ಲಿಯ ಒಳಗೋಡೆ ಮರದ ಚೌಕಟ್ಟಿನ ಮೇಲೆ ಹಲಗೆ ಹೊದಿಸಿದ್ದು. ಹಿಡಿಕೆ ಎಲ್ಲಿ ಬರಬೇಕೆಂದು ಹಲಗೆ ಮುಚ್ಚುವ ಮೊದಲೇ ತಿಳಿಸಿದರೆ ಹಿಂಬದಿಗೆ ಒಂದು ಗಟ್ಟಿ ಮರದ ತುಂಡು ಸೇರುತ್ತದೆ, ಖರ್ಚು ಅತ್ಯಲ್ಪ. ಟೈಲ್ಸ್ ಅಂಟಿಸಿದ ಮೇಲೆ ನೆನಪಾದರೆ ಟೈಲ್ಸ್, ಜಲನಿರೋಧಕ ಲೇಪ, ಹಲಗೆ ಎಲ್ಲವನ್ನೂ ಕಿತ್ತು ಮತ್ತೆ ಮಾಡಬೇಕು. ಶೌಚದ ಕುಂಡವನ್ನು ಎರಡಡಿ ಸರಿಸುವುದೂ ಸಣ್ಣ ಕೆಲಸವಲ್ಲ. ಕೊಳವೆ ಕಾಂಕ್ರೀಟ್ ಹಾಸಿನೊಳಗಿದ್ದರೆ ಹಾಸನ್ನೇ ಕತ್ತರಿಸಬೇಕಾಗುತ್ತದೆ.

ಕರಾರಿನ ಪತ್ರದಲ್ಲಿ ಎರಡು ಪದಗಳನ್ನು ಹುಡುಕಿ ಓದಬೇಕು: ಪ್ರೈಮ್ ಕಾಸ್ಟ್ ಮತ್ತು ಪ್ರಾವಿಷನಲ್ ಸಮ್. ಮೊದಲನೆಯದು ಇನ್ನೂ ಆರಿಸದ ವಸ್ತುವಿಗೆ ತಾತ್ಕಾಲಿಕವಾಗಿ ಇಟ್ಟ ಬೆಲೆ. ಎರಡನೆಯದು ವೆಚ್ಚವನ್ನು ಮುಂಚಿತವಾಗಿ ಖಚಿತವಾಗಿ ಹೇಳಲಾಗದ ಕೆಲಸಕ್ಕೆ ಇಟ್ಟ ಅಂದಾಜು. ಟೈಲ್ಸ್‌ಗೆ ಚದರ ಮೀಟರಿಗೆ 30 ಡಾಲರ್ ಎಂದು ಬರೆದಿದ್ದು, ಅಂಗಡಿಯಲ್ಲಿ ನಿಮಗೆ 60 ಡಾಲರಿನದು ಮೆಚ್ಚುಗೆಯಾಯಿತೆಂದು ಇಟ್ಟುಕೊಳ್ಳಿ. 25 ಚದರ ಮೀಟರಿಗೆ 750 ಡಾಲರ್ ಹೆಚ್ಚಾಯಿತು, ಅದರ ಮೇಲೆ ಗುತ್ತಿಗೆದಾರನ ಪಾಲೂ ಸೇರಬಹುದು. ಮೂರು ಕೊಟೇಶನ್‌ಗಳಲ್ಲಿ ಅತಿ ಅಗ್ಗವಾದದ್ದು ಅನೇಕ ವೇಳೆ ಈ ಎರಡು ಅಂಕಣಗಳಲ್ಲಿ ಕಡಿಮೆ ಮೊತ್ತ ತುಂಬಿದ್ದಾಗಿರುತ್ತದೆ. ಟೈಲ್ಸ್, ನಲ್ಲಿ, ಬೇಸಿನ್ ಎಲ್ಲವನ್ನೂ ಸಹಿಗೆ ಮೊದಲೇ ಆರಿಸಿ, ಮಾದರಿಯ ಹೆಸರನ್ನು ಬರೆಸಿಬಿಟ್ಟರೆ ಅರ್ಧ ತಲೆನೋವು ಕಳೆಯುತ್ತದೆ.

ಕ್ವೀನ್ಸ್‌ಲ್ಯಾಂಡಿನ ಕಾನೂನು ಈ ವಿಷಯದಲ್ಲಿ ಮನೆಯವರ ಪರವಾಗಿಯೇ ಇದೆ. ನಮ್ಮವರು ಅದನ್ನು ಬಳಸುವುದಿಲ್ಲವೆಂಬುದೇ ನನ್ನ ದೂರು. ಇಲ್ಲಿನ ಕಟ್ಟಡ ಆಯೋಗವನ್ನು ಕ್ಯೂಬಿಸಿಸಿ ಎನ್ನುತ್ತಾರೆ. 3,300 ಡಾಲರ್ ಮೀರಿದ ಮನೆಕೆಲಸಕ್ಕೆ ಪರವಾನಗಿ ಉಳ್ಳ ಗುತ್ತಿಗೆದಾರ ಮತ್ತು ಲಿಖಿತ ಕರಾರು ಕಡ್ಡಾಯ. ಆತನ ಪರವಾನಗಿಯನ್ನು ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. 20,000 ಡಾಲರ್ ಅಥವಾ ಅದಕ್ಕೂ ಹೆಚ್ಚಿನ ಕರಾರಿಗೆ ಸಾಮಾನ್ಯವಾಗಿ ಮುಂಗಡ ಶೇ. 5ನ್ನು ಮೀರುವಂತಿಲ್ಲ, ಅಂದರೆ ಮೂವತ್ತು ಸಾವಿರದ ಬಚ್ಚಲಿಗೆ 1,500 ಡಾಲರ್. "ಸಾಮಾನು ತರಲು ಹತ್ತು ಸಾವಿರ ಹಾಕಿ" ಎಂದರೆ ವಿನಯದಿಂದ ಇಲ್ಲವೆನ್ನಿ. ಮುಂದಿನ ಕಂತುಗಳೂ ಮುಗಿದ ಕೆಲಸಕ್ಕೆ ತಕ್ಕಂತಿರಬೇಕು. ನಡುವೆ ಏನಾದರೂ ಬದಲಿಸಿದರೆ, ಇಲ್ಲಿಯವರು ವೇರಿಯೇಶನ್ ಎನ್ನುವ ಆ ಬದಲಾವಣೆಯನ್ನು ಬೆಲೆಯ ಸಮೇತ ಬರೆದು ಸಹಿ ಹಾಕಿದ ಮೇಲೆಯೇ ಕೈಹಚ್ಚಬೇಕು. "ನೋ ವರಿಸ್, ಮಾಡಿಕೊಡುತ್ತೇನೆ" ಎಂದು ಆತ ನಕ್ಕರೆ ಅದು ಉಚಿತವೆಂದು ಅರ್ಥವಲ್ಲ.

ಇಷ್ಟೆಲ್ಲ ಇದ್ದೂ ನಾವು ಎಡವುವುದು ನಮ್ಮವರ ವಿಷಯದಲ್ಲೇ. ದೇವಸ್ಥಾನದಲ್ಲೋ ಯುಗಾದಿ ಕೂಟದಲ್ಲೋ ಪರಿಚಯವಾದವರು "ಬಿಲ್ಲು ಬೇಡ, ನಗದಾದರೆ ಶೇ. 10 ಕಡಿಮೆ" ಎನ್ನುತ್ತಾರೆ. ಜಿಎಸ್‌ಟಿ ಉಳಿಯಿತೆಂದು ಸಂತೋಷ. ಕಾಗದ ಕೇಳಿದರೆ ಅನುಮಾನಿಸಿದಂತಾದೀತೆಂದು ಸಂಕೋಚ. ಪರವಾನಗಿ ಪಡೆದ ಗುತ್ತಿಗೆದಾರ ಕೆಲಸಕ್ಕೆ ಮುನ್ನ ಕಟ್ಟುವ ವಿಮಾ ಕಂತಿನಿಂದ ಮನೆಯವರಿಗೆ ಒಂದು ರಕ್ಷಣೆ ದೊರೆಯುತ್ತದೆ. ಆತ ಅರ್ಧಕ್ಕೆ ಬಿಟ್ಟು ಹೋದರೆ ಅಥವಾ ಕೆಲಸ ಕೆಟ್ಟರೆ ಅದು ನೆರವಿಗೆ ಬರುತ್ತದೆ. ಮೂರು ಸಾವಿರ ಉಳಿಸಲು ಹೋಗಿ ಆ ಆಸರೆಯನ್ನೇ ಪಣಕ್ಕಿಡುವುದು ಜಾಣತನವಲ್ಲ. ಶಸ್ತ್ರಕ್ರಿಯೆಗೆ ಮೊದಲು ನನ್ನ ಸ್ವಂತ ತಮ್ಮನಿಂದಲೂ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುತ್ತಾರೆ. ಅದರಿಂದ ಯಾರ ಪ್ರೀತಿಯೂ ಕಡಿಮೆಯಾಗಿಲ್ಲ.

ಹೊಟ್ಟೆ ತೆರೆದ ಮೇಲೆ ಹೊಸದೇನೋ ಕಾಣುವಂತೆ ಗೋಡೆ ತೆರೆದ ಮೇಲೂ ಕಾಣುತ್ತದೆ: ವರ್ಷಗಳ ಸೋರಿಕೆಗೆ ಕೊಳೆತ ಮರ, ಗೆದ್ದಲು. ಅದಕ್ಕೆ ಗುತ್ತಿಗೆದಾರನನ್ನು ಬೈಯುವುದು ನ್ಯಾಯವಲ್ಲ. ಹಳೆಯ ಮನೆಯ ಬಚ್ಚಲಿಗೆ ಮೊತ್ತದ ಶೇ. 15ರಷ್ಟನ್ನು ಬೇರೆಯಾಗಿ ತೆಗೆದಿಡುವುದು ಒಳ್ಳೆಯದೆಂಬುದು ನನ್ನ ಎಣಿಕೆ; ಅದನ್ನು ಚೆಂದದ ನಲ್ಲಿಗೆ ಖರ್ಚು ಮಾಡಕೂಡದು. ಊರಿನಲ್ಲಿರುವ ಹಿರಿಯರಿಗೂ ಒಂದು ವಿನಂತಿ. ಮಗನೋ ಮಗಳೋ ವಿಡಿಯೊ ಕರೆಯಲ್ಲಿ ಅರೆಬರೆ ಗೋಡೆ ತೋರಿಸಿದಾಗ "ಅಲ್ಲೊಂದು ಗೂಡು ಮಾಡಿಸಬಹುದಿತ್ತಲ್ಲ" ಎನ್ನಬೇಡಿ. ನಿಮ್ಮ ಎತ್ತರಕ್ಕೆ ಹಿಡಿಕೆ ಎಷ್ಟು ಮೇಲಿರಬೇಕು, ಕುಳಿತು ಸ್ನಾನ ಮಾಡುವಿರೋ ನಿಂತೋ, ತಂಬಿಗೆ ಬಕೆಟ್ಟಿಗೆ ಜಾಗ ಬೇಕೋ ಎಂಬುದನ್ನು ಕರಾರಿಗೆ ಮೊದಲೇ ತಿಳಿಸಿ.

ಕೊನೆಯ ಕಂತು ಕೊಡುವ ದಿನ ಒಂದು ಬಕೆಟ್ ನೀರನ್ನು ಹೊಸ ನೆಲದ ಮೇಲೆ ಸುರಿದು ನೋಡಿ. ನೀರು ಕಿಂಡಿಯ ಕಡೆಗೆ ಹರಿಯದೆ ಬಾಗಿಲಿನತ್ತ ಬಂದರೆ, ಅದು ಸರಿಯಾಗುವ ತನಕ ಹಣ ನಿಮ್ಮಲ್ಲೇ ಇರಲಿ.