ಸಂಜಿ ಮುಂದ ಯಾಕ್ರಿ ಹೋದ್ರಿ ಅಕ್ಕಾರ?

ಧಾರವಾಡದಿಂದ ಸವದತ್ತಿ ದಾರಿ ಹಿಡಿದು ಹತ್ತು ಕಿಲೋಮೀಟರಿನಷ್ಟು ಬಂದರೆ ನಮ್ಮೂರು ಅಮ್ಮಿನಬಾವಿ. ಹುಬ್ಬಳ್ಳಿ-ಧಾರವಾಡ ಅವಳಿ ನಗರದ ನಲ್ಲಿಗಳಿಗೆ ಮಲಪ್ರಭೆಯ ನೀರು ಶುದ್ಧವಾಗಿ ಹೋಗುವುದು ಇಲ್ಲಿನ ಘಟಕದಿಂದ. ಊರ ಸುತ್ತ ಎರಿ ಹೊಲ. ಈಗ ಹೊಲಗಳ ನಡುವೆ ಅಲ್ಲಲ್ಲಿ ಕಲ್ಲು ನೆಟ್ಟ ಲೇಔಟುಗಳು, ಅವುಗಳ ಬಾಯಿಗೆ ಬಣ್ಣದ ಕಮಾನು. ಆ ಕಮಾನಿನ ಕೆಳಗೆ ಗಿರಾಕಿಗಾಗಿ ಕಾಯುತ್ತ ನಿಲ್ಲುವುದು ನನ್ನ ಕೆಲಸ, ಹದಿನಾಲ್ಕು ವರ್ಷದಿಂದ.

ನನ್ನ ಜೊತೆಗೇ ಈ ಕೆಲಸ ಮಾಡುವ ಒಬ್ಬ ಹೆಣ್ಣುಮಗಳಿದ್ದಾರೆ. ಗಂಡ ತೀರಿಕೊಂಡ ಮೇಲೆ ಇಬ್ಬರು ಮಕ್ಕಳನ್ನು ಇದರಿಂದಲೇ ಓದಿಸುತ್ತಿರುವವರು. ಕಳೆದ ವರ್ಷ ದೀಪಾವಳಿಯ ಹಿಂದುಮುಂದಿನ ಒಂದು ದಿನ ಅವರಿಗೆ ಫೋನ್ ಬಂತು. "ಬೆಳಗಾವಿಯಿಂದ ಬಂದೇವ್ರಿ, ನಾಳೆ ಇರೂದಿಲ್ಲ, ಇವತ್ತ ಪ್ಲಾಟ್ ತೋರಿಸ್ರಿ." ಫೋನಿನಲ್ಲಿ ಮಾತಾಡಿದವನು ಒಬ್ಬ, ಕಾರಿನಲ್ಲಿ ಇದ್ದವರು ಮೂವರು. ಪ್ಲಾಟ್ ನೋಡಿ ಮುಗಿದರೂ ಕಾರು ಊರ ಕಡೆ ತಿರುಗಲಿಲ್ಲ. "ಇನ್ನೊಂದು ಜಾಗ ಅದ ಅಂದಿದ್ರೆಲ್ಲಾ" ಎನ್ನುತ್ತ ಹಾರೋಬೆಳವಡಿ ಕಡೆ ಓಡಿಸಿದರು. ಈ ಹೆಣ್ಣುಮಗಳ ಕೈಯಿಂದ ಫೋನ್ ಕಸಿದುಕೊಂಡರು. ದಾರಿಗೆ ಕುರಿ ಹಿಂಡು ಅಡ್ಡ ಬಂದು ಕಾರು ನಿಧಾನವಾದಾಗ ಇವರು ಬಾಗಿಲು ತೆಗೆದು ಜಿಗಿದರು. ಕುರಿ ಕಾಯುವ ಮುದುಕ ಏನು ಎತ್ತ ಅಂತ ಕೇಳಲಿಲ್ಲ. ತನ್ನ ಕಂಬಳಿ ಕೊಟ್ಟು, ಧಾರವಾಡದ ಬಸ್ಸು ಬರುವತನಕ ಅವರ ಪಕ್ಕ ನಿಂತ.

ಮನೆಗೆ ಬಂದು ಮಗನ ಫೋನಿನಿಂದ ಅವರು ಮೊದಲು ಮಾತಾಡಿಸಿದ್ದು ತಾವು ಚಂದಾ ಕಟ್ಟುವ ಏಜೆಂಟರ ಸಂಘದ ಪದಾಧಿಕಾರಿಯೊಬ್ಬರನ್ನು. ಎಲ್ಲ ಕೇಳಿಸಿಕೊಂಡ ಆ ಮನುಷ್ಯ ಹೇಳಿದ್ದು ಒಂದೇ ಮಾತು: "ಸಂಜಿ ಮುಂದ ನೀವ್ಯಾಕ್ರಿ ಹೋದ್ರಿ ಅಕ್ಕಾರ?"

ಆ ಪ್ರಶ್ನೆಗೆ ಉತ್ತರ ಕೊಡಲೆಂದೇ ಇದನ್ನು ಬರೆಯುತ್ತಿದ್ದೇನೆ. ಸಂಜೆ ಹೋಗುತ್ತೇವೆ, ಯಾಕೆಂದರೆ ಗಿರಾಕಿಗೆ ಬಿಡುವಾಗುವುದೇ ಸಂಜೆ. ಧಾರವಾಡ ಬಳಿಯ ಬೇಲೂರು ಕೈಗಾರಿಕಾ ಪ್ರದೇಶದ ನೌಕರ ಪಾಳಿ ಮುಗಿಸಿ ಬರುತ್ತಾನೆ, ಹೈಕೋರ್ಟ್ ಪೀಠದ ವಕೀಲರು ಕಲಾಪ ಮುಗಿಸಿ ಬರುತ್ತಾರೆ. ನಾವು ಹೋಗದಿದ್ದರೆ ಇನ್ನೊಬ್ಬ ಏಜೆಂಟ್ ಹೋಗುತ್ತಾನೆ, ವ್ಯವಹಾರ ಅವನದಾಗುತ್ತದೆ. ಪಗಾರವಿಲ್ಲದ ಕೆಲಸ ಇದು. ಕುದುರಿದರೆ ನೂರಕ್ಕೆ ಒಂದೋ ಎರಡೋ, ಇಲ್ಲದಿದ್ದರೆ ಪೆಟ್ರೋಲು ಖರ್ಚೂ ನಮ್ಮದೇ. ಸದಸ್ಯರ ಹೊಟ್ಟೆಪಾಡು ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ ನಡೆಯುತ್ತದೆ ಎಂಬುದನ್ನೇ ಅರಿಯದ ಸಂಘಕ್ಕೆ ನಾವು ಚಂದಾ ಕೊಡುತ್ತಿದ್ದೇವೆ.

ಚಂದಾಕ್ಕೆ ಬದಲಾಗಿ ಬರುವುದು ಒಂದು ಗುರುತಿನ ಕಾರ್ಡು, ಹೊಸ ವರ್ಷಕ್ಕೊಂದು ಡೈರಿ, ವಾರ್ಷಿಕೋತ್ಸವದ ಊಟ. ವೇದಿಕೆಯ ಮೇಲೆ ಶಾಲು ಹೊದಿಸಿಕೊಳ್ಳುವವರಲ್ಲಿ ಹೆಚ್ಚಿನವರು ಈಗ ಏಜೆಂಟರೇ ಅಲ್ಲ, ಸ್ವತಃ ಲೇಔಟ್ ಹಾಕುವವರು. ಸಭೆಯಲ್ಲಿ ಚರ್ಚೆಗೆ ಬರುವ ವಿಷಯಗಳೂ ಅವರವೇ. 2023ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ದರ ಏರಿದಾಗ ಮಾತಾಡಿದರು. 2024ರಲ್ಲಿ ಇ-ಖಾತಾ ಕಡ್ಡಾಯವಾಗಿ ನೋಂದಣಿ ಕಚೇರಿಗಳು ಖಾಲಿ ಹೊಡೆದಾಗ ಮನವಿಪತ್ರ ಕೊಟ್ಟರು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ನೂರಕ್ಕೆ 1ರಿಂದ 2ಕ್ಕೆ ಏರಿದಾಗ ಮತ್ತೆ ಮಾತಾಡಿದರು. ಇವೆಲ್ಲ ಮಾತಾಡಬೇಕಾದ ವಿಷಯಗಳೇ, ಅದರಲ್ಲಿ ತಕರಾರಿಲ್ಲ. ಆದರೆ ಹೊಲದಲ್ಲಿ ಒಬ್ಬನೇ ನಿಲ್ಲುವವನ ಮೈಮೇಲಿನ ಪೆಟ್ಟು ಒಂದು ಸಲವೂ ಕಾರ್ಯಸೂಚಿಯಲ್ಲಿ ಬಂದಿದ್ದನ್ನು ನಾನು ಕಂಡಿಲ್ಲ. 2023ರ ಮೇ ತಿಂಗಳಲ್ಲಿ ಧಾರವಾಡದ ಕಮಲಾಪುರದಲ್ಲಿ ರಿಯಲ್ ಎಸ್ಟೇಟ್ ವ್ಯವಹಾರದವರೊಬ್ಬರ ಕೊಲೆಯಾಯಿತು. ನಮ್ಮಲ್ಲಿ ಎಷ್ಟೋ ಜನ ಆ ವಾರ ಕತ್ತಲಾದ ಮೇಲೆ ಫೋನ್ ಎತ್ತಲಿಲ್ಲ. ಕಾರಣ ಏನೇ ಇರಲಿ, ಅಂಥ ಹೊತ್ತಿನಲ್ಲಿ ಸದಸ್ಯರನ್ನು ಒಂದು ಕಡೆ ಕೂಡಿಸಿ ಮಾತಾಡುವುದು ಸಂಘದ ಕೆಲಸವಾಗಿತ್ತು.

ನಮ್ಮ ಕೆಲಸದ ಅಪಾಯ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊರಗಿನವರು ಇದನ್ನು ಗೂಂಡಾಗಿರಿ ಎಂದುಕೊಳ್ಳುತ್ತಾರೆ. ಬಹಳ ಸಲ ಅದು ಹಿಸ್ಸಾದಿಂದ, ಅಂದರೆ ಪಾಲಿನ ತಕರಾರಿನಿಂದ ಹುಟ್ಟುತ್ತದೆ. ಉತಾರದಲ್ಲಿ ಹೆಸರು ಅಣ್ಣನದು, ಹೊಲ ಉಳುವವನು ತಮ್ಮ, ವಾಟ್ನಿ ಆಗಿದ್ದು ಬಾಯಿಮಾತಿನಲ್ಲಿ. ಅಣ್ಣ ಸಂಚಕಾರ ಇಸಿದುಕೊಂಡು ಧಾರವಾಡದ ಮನೆಯಲ್ಲಿ ಕೂತಿರುತ್ತಾನೆ. ಗಿರಾಕಿಯನ್ನು ಕರೆದುಕೊಂಡು ಹೊಲಕ್ಕೆ ಹೋಗುವವನು ಏಜೆಂಟ್. ತಮ್ಮನ ಕೈಯಲ್ಲಿ ಕುಡಗೋಲು ಇರುತ್ತದೆ, ಯಾಕೆಂದರೆ ಅವನು ಅಲ್ಲಿ ನಿಜವಾಗಿಯೂ ಹೊಲದ ಕೆಲಸ ಮಾಡುತ್ತಿರುತ್ತಾನೆ. ಅವನ ಸಿಟ್ಟಿಗೆ ಸಿಗುವುದು ನಾವು. ಅಕ್ಕತಂಗಿಯರ ಪಾಲು ಇನ್ನೊಂದು. ಕರ್ನಾಟಕದಲ್ಲಿ 1994ರಲ್ಲೇ, ಇಡೀ ದೇಶಕ್ಕೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ, ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಬಂದಿದೆ. ತಂದೆ ಬದುಕಿರಲಿ, ಬಿಡಲಿ, ಆ ಹಕ್ಕು ಹುಟ್ಟಿನಿಂದಲೇ ಇದೆ ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಆದರೂ ತಂಗಿಯ ಸಹಿ ಇಲ್ಲದೆ ಮಾರಲು ಹೊರಡುವ ಅಣ್ಣಂದಿರು ಇದ್ದಾರೆ. ತಂಗಿಯ ಗಂಡ, ಮಕ್ಕಳು ಹೊಲಕ್ಕೆ ಬಂದು ಹಿಡಿಯುವುದು ಯಾರ ಕೊರಳಪಟ್ಟಿ?

ನನ್ನ ಎಡಗೈ ಮಣಿಕಟ್ಟು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಮಾರುವವರು ಮನೆಯ ಜಗಳವನ್ನು ಮುಚ್ಚಿಟ್ಟು "ಏನೂ ತಕರಾರಿಲ್ರಿ, ತೋರಿಸ್ಕೊಂಡು ಬರ್ರಿ" ಎಂದು ಕಳಿಸಿದ್ದರು. ಬಡಿಗೆಯಿಂದ ಹೊಡೆದವನ ಮೇಲೆ ನನಗೀಗ ಸಿಟ್ಟಿಲ್ಲ, ಅವನ ಪಾಲಿಗೆ ನಾನು ಅವನ ಅನ್ನ ಕಸಿಯಲು ಬಂದವನಾಗಿದ್ದೆ. ಗೊತ್ತಿದ್ದೂ ಹೇಳದೆ ಕಳಿಸಿದವರ ಮೇಲೆ ಇದೆ. ಆಸ್ಪತ್ರೆಯ ಖರ್ಚು ನಾನೇ ಕಟ್ಟಿದೆ. ಎಷ್ಟೋ ವರ್ಷದ ಮೇಲೆ ಒಬ್ಬ ವಕೀಲರು ಹೇಳಿದ ಮೇಲೆ ಗೊತ್ತಾಯಿತು, 1872ರ ಭಾರತೀಯ ಕರಾರು ಕಾಯ್ದೆಯಲ್ಲೇ ನಮ್ಮಂಥವರಿಗೆ ಆಧಾರವಿದೆಯಂತೆ. ಅದರ 219ನೇ ಕಲಮು ಏಜೆಂಟನ ಸಂಭಾವನೆ ಯಾವಾಗ ಸಲ್ಲಬೇಕು ಎಂದು ಹೇಳುತ್ತದೆ. 225ನೇ ಕಲಮು, ಕೆಲಸಕ್ಕೆ ಹಚ್ಚಿದವನ ಅಲಕ್ಷ್ಯದಿಂದ ಏಜೆಂಟನಿಗೆ ಪೆಟ್ಟಾದರೆ ಅವನೇ ಪರಿಹಾರ ಕೊಡಬೇಕು ಎನ್ನುತ್ತದೆ. ನೂರೈವತ್ತು ವರ್ಷಕ್ಕೂ ಹಳೆಯ ಕಾನೂನು! ಆದರೆ ನನ್ನನ್ನು ಏಜೆಂಟನೆಂದು ನೇಮಿಸಿದ ಒಂದು ಚೀಟಿಯೂ ನನ್ನ ಬಳಿ ಇರಲಿಲ್ಲ. ನಮ್ಮ ಇಡೀ ದಂಧೆ ನಡೆಯುವುದು ಬಾಯಿಮಾತಿನ ಮೇಲೆ. ಒಂದು ಪುಟದ ಕರಾರು ಪತ್ರವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, "ಇದರ ಮೇಲೆ ಸಹಿ ಇಲ್ಲದೆ ನಮ್ಮ ಸದಸ್ಯರು ಯಾರ ಜಾಗವನ್ನೂ ತೋರಿಸುವುದಿಲ್ಲ" ಎಂದು ಸಂಘ ಹೇಳಿದ್ದರೆ ಸಾಕಿತ್ತು. ಡೈರಿ ಅಚ್ಚು ಹಾಕಿಸುವ ಖರ್ಚಿಗಿಂತ ಅದಕ್ಕೆ ಕಡಿಮೆ ತಗಲುತ್ತಿತ್ತು.

ಸರ್ಕಾರವೂ ನಮ್ಮನ್ನು ಅರ್ಧ ಮಾತ್ರ ಕಂಡಿದೆ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ 2017ರ ಮೇ 1ರಿಂದ ಪೂರ್ತಿ ಜಾರಿಗೆ ಬಂತು. ಅದರ 9ನೇ ಕಲಮಿನ ಪ್ರಕಾರ ರೇರಾ ಯೋಜನೆಗಳ ಮಾರಾಟದಲ್ಲಿ ಕೈಹಾಕುವ ಏಜೆಂಟ್ ನೋಂದಣಿ ಮಾಡಿಸಬೇಕು. ಕರ್ನಾಟಕದಲ್ಲಿ ವ್ಯಕ್ತಿಗೆ 25,000 ರೂಪಾಯಿ, ಸಂಸ್ಥೆಗೆ 2 ಲಕ್ಷ ರೂಪಾಯಿ ಶುಲ್ಕ. 10ನೇ ಕಲಮು ನಮ್ಮ ಕರ್ತವ್ಯಗಳನ್ನು ಹೇಳುತ್ತದೆ: ನೋಂದಣಿಯಾಗದ ಯೋಜನೆ ಮಾರಬಾರದು, ಲೆಕ್ಕ ಇಡಬೇಕು, ಸುಳ್ಳು ಹೇಳಬಾರದು. ತಪ್ಪಿದರೆ 62ನೇ ಕಲಮಿನಂತೆ ದಿನಕ್ಕೆ 10,000 ರೂಪಾಯಿ ದಂಡ. ಎಲ್ಲವೂ ಸರಿ, ಇರಬೇಕಾದದ್ದೇ. ಆದರೆ ನಮ್ಮ ದಲಾಲಿ ಹಣ ಕೊಡದೆ ನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ಕೈ ಎತ್ತುವವರ ಬಗ್ಗೆ, ನಮ್ಮನ್ನು ಅಪಾಯಕ್ಕೆ ನೂಕುವವರ ಬಗ್ಗೆ ಆ ಕಾಯ್ದೆಯಲ್ಲಿ ಒಂದು ಸಾಲೂ ಇಲ್ಲ. ಕೇಂದ್ರ ಸಲಹಾ ಮಂಡಳಿಯಲ್ಲಿ ಏಜೆಂಟರ ಪ್ರತಿನಿಧಿಗಳಿಗೂ ಜಾಗ ಇಟ್ಟಿದ್ದಾರೆ, 41ನೇ ಕಲಮಿನಲ್ಲಿ. ಅಲ್ಲಿ ಕೂತು ಮಾತಾಡುವವರಿಗೆ ಅಮ್ಮಿನಬಾವಿ, ಕವಲಗೇರಿಯ ಹೊಲದ ಸುದ್ದಿ ಮುಟ್ಟಿಸಬೇಕಾದ್ದು ಯಾರು? ಸಂಘ ತಾನೇ?

ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಲ್ಲಿ ಮೆಣಸಿನಕಾಯಿ ದಲಾಲರೂ ಮಧ್ಯವರ್ತಿಗಳೇ. ಅವರಿಗೆ ಲೈಸೆನ್ಸ್ ಇದೆ, ವ್ಯವಹಾರ ನಡೆಯುವ ಪ್ರಾಂಗಣ ಇದೆ, ತಕರಾರು ಬಂದರೆ ಹೋಗಲು ಸಮಿತಿಯ ಕಚೇರಿ ಇದೆ. ನಮಗೆ ಪ್ರಾಂಗಣ ಅಂದರೆ ಗಿರಾಕಿ ಕರೆದ ಜಾಗ.

ಇದನ್ನು ಓದುವ ಕೆಲವರು ಸಿಟ್ಟಾಗಿರಬಹುದು. "ಒಂದೇ ಪ್ಲಾಟನ್ನು ಮೂವರಿಗೆ ಮಾರುವವರು ನೀವೇ ಅಲ್ಲೇನ್ರೀ? ಎನ್‌ಎ ಆಗದ ಹೊಲವನ್ನು ಗುಂಟೆ ಲೆಕ್ಕದಲ್ಲಿ ತುಂಡು ಮಾಡಿ, ಮಾಸ್ತರು, ಕಂಡಕ್ಟರುಗಳ ಗಂಟು ಮುಳುಗಿಸಿದವರು ನೀವೇ ಅಲ್ಲೇನು?" ಹೌದು, ನಮ್ಮಲ್ಲಿ ಅಂಥವರಿದ್ದಾರೆ. ಅವರನ್ನು ನಾನು ಬಲ್ಲೆ, ಒಬ್ಬಿಬ್ಬರ ಜೊತೆ ಚಹಾ ಕುಡಿದಿದ್ದೇನೆ. ಪಂಚಾಯಿತಿಯ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11 ಸಿಗದ ಜಾಗವನ್ನು "ಇಂದಲ್ಲ ನಾಳೆ ಆಗತದ" ಎಂದು ಮಾರಿದವರು ಊರು ಬಿಟ್ಟು ಹೋದರು. ಮೋಸ ಹೋದವನು ಮುಂದೆ ಯಾವ ಏಜೆಂಟನನ್ನು ಕಂಡರೂ ಹಲ್ಲು ಕಡಿಯುತ್ತಾನೆ. ಇದೇ ಕಾರಣಕ್ಕೆ ಸುರಕ್ಷತೆಯನ್ನೂ ಪ್ರಾಮಾಣಿಕತೆಯನ್ನೂ ಬೇರೆ ಬೇರೆ ಮಾಡಿ ನೋಡಲು ನನಗೆ ಆಗುವುದಿಲ್ಲ. ಉತಾರ ನೋಡದೆ, ಎಲ್ಲ ಪಾಲುದಾರರ ಸಹಿ ಕೇಳದೆ ಜಾಗ ತೋರಿಸುವ ಸದಸ್ಯನನ್ನು ಸಂಘ ಹೊರಗೆ ಹಾಕಿದ ದಿನ ಗಿರಾಕಿಯ ಹಣವೂ ಉಳಿಯುತ್ತದೆ, ನಮ್ಮ ಮೈಮೂಳೆಯೂ ಉಳಿಯುತ್ತದೆ. ಇಷ್ಟು ವರ್ಷದಲ್ಲಿ ಸಂಘ ಈ ಕಾರಣಕ್ಕೆ ಒಬ್ಬರನ್ನೂ ಹೊರಗೆ ಹಾಕಿದ್ದು ನನಗೆ ಗೊತ್ತಿಲ್ಲ. ಚಂದಾ ಕಟ್ಟದವರನ್ನು ಹಾಕಿದ್ದು ಗೊತ್ತು.

ಈ ಭಯ ನಮ್ಮೂರಿನದಷ್ಟೇ ಅಲ್ಲ. 1986ರ ಜುಲೈ 28ರಂದು ಲಂಡನ್ನಿನ ಫುಲ್ಹಾಮ್‌ನಲ್ಲಿ ಸೂಸಿ ಲ್ಯಾಂಪ್ಲು ಎಂಬ 25 ವರ್ಷದ ಏಜೆಂಟ್ ಮನೆ ತೋರಿಸಲೆಂದು ಕಚೇರಿಯಿಂದ ಹೊರಟವಳು ಮತ್ತೆ ಸಿಗಲಿಲ್ಲ. ಅವಳ ಡೈರಿಯಲ್ಲಿ ಉಳಿದಿದ್ದು "ಮಿಸ್ಟರ್ ಕಿಪ್ಪರ್" ಎಂಬ ಒಂದು ಹೆಸರು. ಆ ಹೆಸರಿನವನು ಯಾರು ಎಂಬುದು ಇಂದಿಗೂ ಖಚಿತವಾಗಿಲ್ಲ. ಒಬ್ಬಂಟಿಯಾಗಿ ಕೆಲಸ ಮಾಡುವವರ ಸುರಕ್ಷತೆಗಾಗಿ ಅವಳ ತಂದೆತಾಯಿ ಅದೇ ವರ್ಷ ಒಂದು ಟ್ರಸ್ಟ್ ಕಟ್ಟಿದರು. ಅಮೆರಿಕದ ಆರ್ಕನ್ಸಾದಲ್ಲಿ 2014ರ ಸೆಪ್ಟೆಂಬರಿನಲ್ಲಿ ಬೆವರ್ಲಿ ಕಾರ್ಟರ್ ಎಂಬ ಏಜೆಂಟರನ್ನು ಖಾಲಿ ಮನೆ ತೋರಿಸಿ ಎಂದು ಕರೆಸಿಕೊಂಡು ಅಪಹರಿಸಿ ಕೊಂದರು. ಅಲ್ಲಿನ ರಾಷ್ಟ್ರೀಯ ಸಂಘ ಸೆಪ್ಟೆಂಬರನ್ನು ಏಜೆಂಟರ ಸುರಕ್ಷತೆಯ ತಿಂಗಳೆಂದು ನಡೆಸುತ್ತದೆ. ಅದೇ ಸಂಘದ ಅಧ್ಯಕ್ಷರು 2023ರ ಆಗಸ್ಟಿನಲ್ಲಿ ಲೈಂಗಿಕ ಕಿರುಕುಳದ ಆರೋಪಗಳ ನಡುವೆ ರಾಜೀನಾಮೆ ಕೊಟ್ಟರು ಎಂಬುದನ್ನೂ ಮರೆಯಬಾರದು. ಸಂಘ ದೊಡ್ಡದಾದರೆ ತಾನೇ ಸರಿಹೋಗುತ್ತದೆ ಎಂದು ಕಾಯುವವರಿಗೆ ಈ ಮಾತು.

ನಮ್ಮಲ್ಲಿ ಹೆಣ್ಣುಮಕ್ಕಳ ಪರಿಸ್ಥಿತಿಗೆ ಇನ್ನೊಂದು ಗಂಟು ಇದೆ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ಕೆಲಸದ ನಿಮಿತ್ತ ಹೋಗುವ ಜಾಗವನ್ನೂ ಕೆಲಸದ ಜಾಗವೆಂದೇ ಹಿಡಿಯುತ್ತದೆ. ಹತ್ತಕ್ಕಿಂತ ಕಡಿಮೆ ಜನರಿರುವ ಕಡೆಯವರಿಗಾಗಿ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕು, ದೂರಿಗೆ ಮೂರು ತಿಂಗಳ ಗಡುವು. ಆದರೆ ಆ ಕಾಯ್ದೆಯ ಹೊಣೆ ಹೆಚ್ಚಾಗಿ ಮಾಲೀಕನ ಮೇಲೆ. ಸ್ವತಂತ್ರವಾಗಿ ದುಡಿಯುವ ಹೆಣ್ಣುಮಗಳಿಗೆ ಮಾಲೀಕನೇ ಇಲ್ಲವಲ್ಲ! ಆ ಖಾಲಿ ಜಾಗದಲ್ಲಿ ಸಂಘ ನಿಲ್ಲಬೇಕಿತ್ತು. ಪೊಲೀಸರ ಬಳಿ ಜೊತೆಗೆ ಹೋಗಬೇಕಿತ್ತು. ಘಟನೆ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು ಎಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ. ನಮ್ಮ ಆ ಅಕ್ಕನಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ. "ಯಾಕ ಹೋದ್ರಿ" ಎಂಬ ಪ್ರಶ್ನೆ ಕೇಳಿದ ಮೇಲೆ ಅವರು ಬಹಳ ದಿನ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ದೂರು ಆಗಲಿಲ್ಲ. ಆ ಮೂವರು ಇವತ್ತಿಗೂ ಯಾರಿಗೋ ಫೋನ್ ಮಾಡುತ್ತಿರಬಹುದು.

ಆ ನಂಬರ್ ನನ್ನ ಬಳಿ ಇದೆ. ಅಂಥ ನಂಬರುಗಳ ಒಂದು ಪಟ್ಟಿ ಸಂಘದಲ್ಲಿದ್ದು, ಸದಸ್ಯರೆಲ್ಲರ ಫೋನಿಗೆ ಆ ರಾತ್ರಿಯೇ ಹೋಗಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹೊಸ ಗಿರಾಕಿ ಮೊದಲು ಕಚೇರಿಗೆ ಬಂದು ಗುರುತಿನ ಚೀಟಿ ತೋರಿಸಬೇಕು, ಅವನ ಗಾಡಿಯಲ್ಲಿ ಸದಸ್ಯರು ಕೂರಬಾರದು, ಹೋಗುವ ಜಾಗ ಮತ್ತು ಬರುವ ಹೊತ್ತು ಇನ್ನೊಬ್ಬ ಸದಸ್ಯರಿಗೆ ಗೊತ್ತಿರಬೇಕು. ಒಬ್ಬಿಬ್ಬರು ಹೀಗೆ ಮಾಡಿದರೆ ಗಿರಾಕಿ ಬೇರೆಯವನ ಹತ್ತಿರ ಹೋಗುತ್ತಾನೆ. ಎಲ್ಲರೂ ಮಾಡಿದರೆ ಅದೇ ರೂಢಿಯಾಗುತ್ತದೆ. ಎಲ್ಲರಿಂದ ಒಂದೇ ಸಲ ಮಾಡಿಸುವ ಶಕ್ತಿ ಇರುವುದು ಸಂಘಕ್ಕೆ ಮಾತ್ರ. ಪೆಟ್ಟು ತಿಂದವರ ಆಸ್ಪತ್ರೆ ಖರ್ಚಿಗೆ ಚಂದಾದಲ್ಲಿ ಒಂದು ಪಾಲು ತೆಗೆದಿಡಬೇಕು. ಲೇಔಟ್ ಹಾಕುವವರು ಏಜೆಂಟರ ಸಂಘದ ಪದಾಧಿಕಾರಿ ಆಗಬಾರದು, ಅವರಿಗೆ ಅವರದೇ ಸಂಘಗಳಿವೆ. ನಮ್ಮ ದಲಾಲಿ ಉಳಿಸಿಕೊಂಡವರ ವಿರುದ್ಧ ಸಂಘ ಮಾತಾಡಬೇಕಾದಾಗ ವೇದಿಕೆಯ ಮೇಲೆ ಅವರೇ ಕೂತಿದ್ದರೆ ಯಾರು ಮಾತಾಡುತ್ತಾರೆ?

ಬರುವ ವಾರ್ಷಿಕ ಸಭೆಗೆ ಆ ಅಕ್ಕ ಬರುತ್ತೇನೆ ಎಂದಿದ್ದಾರೆ. ಅಮ್ಮಿನಬಾವಿ, ಮರೇವಾಡ, ಹೆಬ್ಬಳ್ಳಿ ಕಡೆಯ ಹನ್ನೊಂದು ಜನ ಈ ವರ್ಷದ ಚಂದಾ ಇನ್ನೂ ಕಟ್ಟಿಲ್ಲ. ಹಣ ಲಕೋಟೆಯಲ್ಲಿ ತಯಾರಿದೆ. ಇಲ್ಲಿ ಬರೆದ ಬೇಡಿಕೆಗಳನ್ನು ಸಭೆಯಲ್ಲಿ ಓದಿ, ಕೈ ಎತ್ತಿಸಿ ಎಣಿಸಿದ ಮೇಲೆ ಲಕೋಟೆ ಕೊಡುತ್ತೇವೆ.